ಫರ್ನೇಸ್ ಯಾಕೆ ಒಂದು ತಾಸು ಸುಮ್ಮನಿರುತ್ತದೆ

ಧಾರವಾಡದವರಿಗೆ ನೀರು ಕಾಯಿಸಿ ಗೊತ್ತು, ಮನೆ ಕಾಯಿಸಿ ಗೊತ್ತಿಲ್ಲ. ಡಿಸೆಂಬರ್ ಕೊನೆಗೆ ಕೆಲಗೇರಿ ಕೆರೆ ಕಡೆಯ ಗಾಳಿ ಚುರುಗುಟ್ಟತೊಡಗಿದರೆ ಟ್ರಂಕಿನಿಂದ ಸ್ವೆಟರ್ ಹೊರಗೆ ಬರುತ್ತದೆ, ರಾತ್ರಿ ಇನ್ನೊಂದು ಕೌದಿ ಮೈಮೇಲೆ ಬೀಳುತ್ತದೆ, ಚಾ ಒಂದು ಸರ್ತಿ ಹೆಚ್ಚಾಗುತ್ತದೆ. ಅಲ್ಲಿಗೆ ಚಳಿಗಾಲದ ಬಂದೋಬಸ್ತು ಮುಗಿಯಿತು. ಮನೆಯೊಳಗಿನ ಗಾಳಿಯನ್ನೇ ಕಾಯಿಸಿ ಕೋಣೆ ಕೋಣೆಗೆ ಕಳಿಸುವ ಫರ್ನೇಸ್ ಎಂಬ ಯಂತ್ರವೊಂದು ನೆಲಮಾಳಿಗೆಯಲ್ಲಿ ಕೂತಿರುತ್ತದೆ, ಅದು ನಿಂತರೆ ಮನೆಮಂದಿಯ ನಿದ್ದೆಯೂ ನಿಲ್ಲುತ್ತದೆ ಎನ್ನುವುದು ನಮಗೆ ಮಕ್ಕಳು ಅಮೆರಿಕಾಕ್ಕೆ ಹೋದಮೇಲೆ ತಿಳಿದ ಸಂಗತಿ.

ಹುಬ್ಬಳ್ಳಿ ವಿದ್ಯಾನಗರದಲ್ಲಿರುವ ನನ್ನ ಅಕ್ಕನ ಮಗ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೆ ಅಲ್ಲಿಯವರಿಗೆ ಅದು ಸುದ್ದಿಯಲ್ಲ. ಅವನ ಮನೆಯ ಗ್ಯಾಸ್ ಫರ್ನೇಸ್ ಹತ್ತುವುದು, ಆರುವುದು, ಮತ್ತೆ ಹತ್ತುವುದು, ಆರುವುದು, ಕಡೆಗೆ ಏನು ಮಾಡಿದರೂ ಪ್ರತಿಕ್ರಿಯೆಯೇ ಇಲ್ಲದೆ ಕೂಡುವುದು ಶುರುವಾಯಿತು. ತಾಸೊತ್ತು ಬಿಟ್ಟು ತಾನೇ ಏಳುತ್ತದಂತೆ, ಮತ್ತೆ ಅದೇ ಆಟವಂತೆ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿದ ಮೌಶಿ ಎಂದರೆ ನಮ್ಮ ಬಳಗದ ಲೆಕ್ಕದಲ್ಲಿ ಮಿಕ್ಸರಿನಿಂದ ಇನ್ವರ್ಟರ್‌ವರೆಗೆ ಎಲ್ಲವನ್ನೂ ಬಲ್ಲವಳು. ಇಲ್ಲಿ ಬೆಳಗಿನ ಏಳೂವರೆ, ಅಲ್ಲಿ ಹಿಂದಿನ ರಾತ್ರಿಯ ಎಂಟು. ಫೋನು ನನಗೇ ಬಂತು.

"ಮೌಶಿ, ಫರ್ನೇಸ್ ಕೆಟ್ಟದ" ಅಂದ. ವಿಡಿಯೋದಲ್ಲಿ ನೋಡಿದರೆ ಅದು ಕೆಟ್ಟಂತೆ ಕಾಣಲಿಲ್ಲ. ತಾನು ಕೆಲಸ ಮಾಡುವುದಿಲ್ಲ ಎಂದು ಅದು ಲೆಕ್ಕ ಹಾಕಿ ನಿರ್ಧಾರ ಮಾಡಿತ್ತು. ಈ ಎರಡರ ನಡುವಿನ ಅಂತರದ ಬಗ್ಗೆಯೇ ಈ ಬರಹ. ನಮ್ಮ ಬಚ್ಚಲಮನೆಗಳ ಗ್ಯಾಸ್ ಗೀಜರಿಗೂ ಇದಕ್ಕೂ ಸಂಬಂಧ ಉಂಟು, ಅಲ್ಲಿಗೂ ಬರುತ್ತೇನೆ.

ಮೊದಲು ಆ ಯಂತ್ರ ಹೇಗೆ ಹತ್ತುತ್ತದೆ ಎಂದು ಹೇಳಬೇಕು. ಗೋಡೆಯ ಮೇಲಿನ ಥರ್ಮೋಸ್ಟಾಟ್ ಮನೆ ತಣ್ಣಗಾಯಿತೆಂದು ಕೆಳಗಿನ ಫರ್ನೇಸಿಗೆ 24 ವೋಲ್ಟಿನ ಸಿಗ್ನಲ್ ಕಳಿಸುತ್ತದೆ. ಫರ್ನೇಸ್ ಕೂಡಲೇ ಗ್ಯಾಸ್ ಬಿಡುವುದಿಲ್ಲ. ಮೊದಲು ಇಂಡ್ಯೂಸರ್ ಎಂಬ ಸಣ್ಣ ಫ್ಯಾನು ತಿರುಗಿ, ಒಳಗೆ ಏನಾದರೂ ಗ್ಯಾಸ್ ಉಳಿದಿದ್ದರೆ ಅದನ್ನೂ ಸೇರಿಸಿ ಹಳೆ ಗಾಳಿಯನ್ನೆಲ್ಲ ಕೊಳವೆಯಿಂದ ಹೊರಗೆ ಹಾಕುತ್ತದೆ. ಆ ಎಳೆತ ಸಾಕಷ್ಟಿದ್ದರೆ ಮಾತ್ರ ಪ್ರೆಶರ್ ಸ್ವಿಚ್ ಕೂಡಿ ಮುಂದಿನ ಹೆಜ್ಜೆಗೆ ದಾರಿ ಬಿಡುತ್ತದೆ. ಆಮೇಲೆ ಗ್ಯಾಸಿಗೆ ಬೆಂಕಿ ಹಚ್ಚುವ ಇಗ್ನೈಟರ್ ಕೆಂಪಗೆ ಕಾಯುತ್ತದೆ. ಅದು ಸಿಲಿಕಾನ್ ನೈಟ್ರೈಡ್ ಇಲ್ಲವೇ ಸಿಲಿಕಾನ್ ಕಾರ್ಬೈಡಿನ ಪುಟ್ಟ ಪಟ್ಟಿ. ಈಗ ಗ್ಯಾಸ್ ವಾಲ್ವ್ ತೆರೆಯುತ್ತದೆ, ಬರ್ನರುಗಳು ಒಂದರ ಪಕ್ಕ ಒಂದು ಹತ್ತಿಕೊಳ್ಳುತ್ತವೆ. ಸಾಲಿನ ಕೊನೆಯ ಬರ್ನರಿನ ಜ್ವಾಲೆಯೊಳಗೆ ತೆಳ್ಳಗಿನ ಕಂಬಿಯೊಂದು ಚಾಚಿಕೊಂಡಿರುತ್ತದೆ, ಬುಡಕ್ಕೆ ಬಿಳಿ ಪಿಂಗಾಣಿ. ಅದು ಫ್ಲೇಮ್ ಸೆನ್ಸರ್. ಬೆಂಕಿ ಇದೆ ಎಂದು ಅದು ಇದನ್ನೆಲ್ಲ ನಡೆಸುವ ಎಲೆಕ್ಟ್ರಾನಿಕ್ ಬೋರ್ಡಿಗೆ ಖಾತ್ರಿ ಕೊಟ್ಟರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ದೊಡ್ಡ ಬ್ಲೋವರ್ ಶುರುವಾಗಿ ಬಿಸಿಗಾಳಿ ಮೇಲೆ ಹೋಗುತ್ತದೆ. ಕೊಡದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಗ್ಯಾಸ್ ಬಂದ್. ಫ್ಯಾನು ಮತ್ತೆ ಒಳಗಿನದನ್ನು ಹೊರಗೆ ಹಾಕುತ್ತದೆ, ಮತ್ತೆ ಮೊದಲಿನಿಂದ ಪ್ರಯತ್ನ. ಆಯಾ ಕಂಪನಿಯ ಪ್ರಕಾರ ಮೂರೋ ಐದೋ ಸಲ ಹೀಗಾದರೆ ಬೋರ್ಡು ಲಾಕ್‌ಔಟ್‌ಗೆ ಹೋಗುತ್ತದೆ, ಎಂದರೆ ಹತ್ತಿಸುವ ಪ್ರಯತ್ನವನ್ನೇ ನಿಲ್ಲಿಸಿ ಕೂಡುತ್ತದೆ. ಬಹಳಷ್ಟು ಬೋರ್ಡುಗಳಲ್ಲಿ ಇದರ ಅವಧಿ ಒಂದು ತಾಸು, ಕೆಲವದರಲ್ಲಿ ಮೂರು ತಾಸು.

ಹುಡುಗ ಅಷ್ಟರಲ್ಲಿ ಸ್ವಿಚ್ ಕಡೆಗೆ ಕೈ ಚಾಚಿದ್ದ. ಬಂದ್ ಮಾಡಿ ಚಾಲೂ ಮಾಡುವುದು ನಮ್ಮ ಕಾಲದ ಎಲ್ಲ ರೋಗಕ್ಕೂ ಮೊದಲ ಮದ್ದು.

"ಬ್ಯಾಡ, ಅದನ್ನ ಮುಟ್ಟಬ್ಯಾಡ. ಕೆಳಗಿನ ಬಾಗಲದಾಗ ಸಣ್ಣ ಗಾಜಿನ ಕಿಂಡಿ ಅದ ನೋಡು. ಒಳಗ ದೀಪ ಹೆಂಗ ಮಿಣುಕಲಿಕ್ಕತ್ತದ, ಅಷ್ಟು ಹೇಳು."

ಆ ಕಿಂಡಿಯೊಳಗಿನ ಎಲ್‌ಇಡಿ ದೀಪ ಇಂತಿಷ್ಟು ಸಲ ಮಿಣುಕಿ, ತಡೆದು, ಮತ್ತೆ ಅಷ್ಟೇ ಸಲ ಮಿಣುಕುತ್ತದೆ. ಎಷ್ಟು ಸಲ ಮಿಣುಕಿದರೆ ಏನು ಅರ್ಥ ಎಂಬ ಪಟ್ಟಿ ಬಾಗಿಲಿನ ಒಳಮೈಗೆ ಅಂಟಿಸಿರುತ್ತದೆ, ಕಂಪನಿಯಿಂದ ಕಂಪನಿಗೆ ಬೇರೆ. ಕೆಲವು ಬೋರ್ಡುಗಳು ಕರೆಂಟು ಹೋದರೆ ಆ ಕೋಡನ್ನು ಮರೆತುಬಿಡುತ್ತವೆ. ಬಾಗಿಲು ತೆಗೆದರೂ ಅದರ ಹಿಂದಿನ ಸ್ವಿಚ್ಚಿನಿಂದ ಕರೆಂಟು ಕಡಿಯುತ್ತದೆ. ಅದಕ್ಕೇ ಮೊದಲು ಕಿಂಡಿಯಿಂದ ನೋಡಿಕೊಳ್ಳಬೇಕು, ಆಮೇಲೆ ಬಾಗಿಲು.

ಕೋಡು ಸಿಗದಿದ್ದರೂ ಕಣ್ಣು ಕಿವಿ ಇದ್ದರೆ ಸಾಕು. ಮೆಟ್ಟಿಲ ಮೇಲೆ ಕೂತು ಯಂತ್ರ ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ ಎಂದು ಒಂದು ಸುತ್ತು ಗಮನಿಸಿದರೆ ಕಾರಣಗಳಲ್ಲಿ ಮುಕ್ಕಾಲು ಪಾಲು ತಾವೇ ಉದುರಿಹೋಗುತ್ತವೆ. ಸಣ್ಣ ಫ್ಯಾನು ತಿರುಗುತ್ತಲೇ ಇದೆ, ಇಗ್ನೈಟರ್ ಕೆಂಪಾಗುತ್ತಿಲ್ಲ ಎಂದರೆ ಎಳೆತದ ಕಡೆ ಏನೋ ಅಡ್ಡಿ: ಪ್ರೆಶರ್ ಸ್ವಿಚ್ಚು, ಅದರ ರಬ್ಬರ್ ನಳಿಕೆ, ಕಟ್ಟಿಕೊಂಡ ಹೊಗೆಕೊಳವೆ. ಎಳೆತ ಸರಿಯಿದ್ದೂ ಇಗ್ನೈಟರ್ ಕೆಂಪಾಗದಿದ್ದರೆ ಅದೇ ಬಿರುಕು ಬಿಟ್ಟಿರಬಹುದು. ಕೆಂಪಾಗಿಯೂ ಬೆಂಕಿ ಬಾರದಿದ್ದರೆ ಗ್ಯಾಸು ಅಥವಾ ವಾಲ್ವು. ಹತ್ತು ಹದಿನೈದು ನಿಮಿಷ ಚೆನ್ನಾಗಿ ಉರಿದು ಬಂದ್ ಆಯಿತೋ, ಬ್ಲೋವರಿನ ದಾರಿಯಲ್ಲಿ ಧೂಳು ಮೆತ್ತಿದ ಫಿಲ್ಟರ್. ಗಾಳಿ ಸಾಗದೆ ಒಳಗೆ ಕಾವು ಏರಿ ಲಿಮಿಟ್ ಸ್ವಿಚ್ ತೆರೆದುಕೊಂಡು ಬೆಂಕಿಯನ್ನು ನಿಲ್ಲಿಸಿದೆ.

"ಬರ್ನರ್ ಹತ್ತತಾವ ಮೌಶಿ, ನೀಲಿ ಚಲೋ ಬರ್ತದ. ನಾಲ್ಕೈದು ಸೆಕೆಂಡ್ ಅಷ್ಟ, ಆಮ್ಯಾಲೆ ಆರೇ ಹೋಗ್ತದ."

ಹೀಗೆ ಬೆಂಕಿ ಬರುತ್ತದೆ, ಆದರೆ ಬೋರ್ಡು ನಂಬುವುದಿಲ್ಲ ಎಂದಾದರೆ ನೋಟ ನೇರ ಆ ಕಂಬಿಯ ಮೇಲೆ ಹೋಗಬೇಕು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದು ನಾನು ವರ್ಷಗಟ್ಟಲೆ ಕಲಿಸಿದ ವಿಷಯ. ಕಾಲೇಜಿನ ಲ್ಯಾಬಿನಲ್ಲಿ ಚಿನ್ನದೆಲೆಯ ಎಲೆಕ್ಟ್ರೋಸ್ಕೋಪ್ ಇತ್ತು. ಗಾಜಿನ ಡಬ್ಬಿ, ಒಳಗೆ ತೂಗುಬಿಟ್ಟ ಎರಡು ತೆಳು ಎಲೆ, ಮೇಲೆ ಹಿತ್ತಾಳೆಯ ಗುಂಡು. ಎಬೊನೈಟ್ ಕಡ್ಡಿಯನ್ನು ಉಣ್ಣೆಗೆ ಉಜ್ಜಿ ಗುಂಡಿಗೆ ತಾಗಿಸಿದರೆ ಎಲೆಗಳು ದೂರ ಸರಿದು ನಿಲ್ಲುತ್ತವೆ. ಜುಲೈ ಆಗಸ್ಟಿನಲ್ಲಿ ಈ ಪ್ರಯೋಗ ಇಡುವಂತಿಲ್ಲ. ಧಾರವಾಡದ ಜಿಟಿಜಿಟಿ ಮಳೆಗೆ ಗಾಜಿನ ಮೇಲೆಲ್ಲ ತೇವದ ಪೊರೆ ಕೂತು ಚಾರ್ಜು ನಿಲ್ಲುವುದೇ ಇಲ್ಲ, ದೀಪಾವಳಿ ದಾಟಬೇಕು. ಒಣ ಹವೆಯ ದಿನ ಎಲೆಗಳು ಬಿಚ್ಚಿಕೊಂಡು ನಿಂತಾಗ ಹುಡುಗರಿಗೆ ಹೇಳುತ್ತಿದ್ದೆ, ಗುಂಡನ್ನು ಮುಟ್ಟದೆ ಇದನ್ನು ಬೀಳಿಸಿರಿ. ಊದುತ್ತಿದ್ದರು, ಮೇಜು ಗುದ್ದುತ್ತಿದ್ದರು. ಕಡೆಗೆ ನಾನು ಕಡ್ಡಿ ಗೀರಿ ಗುಂಡಿನಿಂದ ಬೆರಳಗಲ ದೂರ ಹಿಡಿದರೆ ಎಲೆಗಳು ಮೆಲ್ಲಗೆ ಕೂಡಿಕೊಳ್ಳುತ್ತಿದ್ದವು. ಬೆಂಕಿಯೊಳಗೆ ಅಣುಗಳು ಒಡೆದು ಅಯಾನುಗಳಾಗುತ್ತವೆ, ಅವು ಚಾರ್ಜನ್ನು ಹೊತ್ತು ಸಾಗುತ್ತವೆ. ಬರೀ ಗಾಳಿಯಲ್ಲಿ ಹರಿಯದ ವಿದ್ಯುತ್ತು ಬೆಂಕಿಯಲ್ಲಿ ಅಷ್ಟಿಷ್ಟು ಹರಿಯುತ್ತದೆ.

ಫರ್ನೇಸಿನ ಕಂಬಿಯ ಕೆಲಸವೂ ಇಷ್ಟೇ. ಆದರೆ ಅದನ್ನು ಮಾಡಿದವರು ಒಂದು ಹೆಜ್ಜೆ ಮುಂದೆ ಯೋಚಿಸಿದ್ದಾರೆ, ಆ ಹೆಜ್ಜೆ ನನಗೆ ಬಲು ಇಷ್ಟ. ವಿದ್ಯುತ್ತು ಹರಿದರೆ ಬೆಂಕಿ ಇದೆ ಎಂದು ಸುಮ್ಮನೆ ನಂಬಿಬಿಟ್ಟರೆ, ತೇವ ಹಿಡಿದ ವೈರಿನಿಂದಲೂ ವಿದ್ಯುತ್ತು ಸೋರಬಹುದಲ್ಲ? ಆಗ ಬೆಂಕಿಯಿಲ್ಲದೆಯೂ ಬೋರ್ಡು ಗ್ಯಾಸ್ ಬಿಡುತ್ತಲೇ ಇರುತ್ತಿತ್ತು. ಅದಕ್ಕೇ ಕಂಬಿಗೆ ಎಸಿ, ಎಂದರೆ ದಿಕ್ಕು ಬದಲಿಸುತ್ತ ಹರಿಯುವ ಕರೆಂಟು ಕೊಡುತ್ತಾರೆ. ಜ್ವಾಲೆಯ ಒಂದು ತುದಿಗೆ ಸಣ್ಣ ಕಂಬಿ, ಇನ್ನೊಂದು ತುದಿಗೆ ಅರ್ಥಿಂಗ್ ಆದ ದೊಡ್ಡ ಬರ್ನರ್. ಎರಡರ ಮೈ ವಿಸ್ತಾರದಲ್ಲಿ ಅಷ್ಟು ವ್ಯತ್ಯಾಸ ಇರುವುದರಿಂದ ಜ್ವಾಲೆಯ ಮೂಲಕ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಕರೆಂಟು ಹರಿಯುತ್ತದೆ. ಎಸಿ ಕೊಟ್ಟರೆ ಡಿಸಿಯ, ಎಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ, ಸಣ್ಣ ಪಾಲು ವಾಪಸು ಬರುತ್ತದೆ. ಬೋರ್ಡು ಹುಡುಕುವುದು ಆ ಡಿಸಿಯನ್ನು ಮಾತ್ರ. ತೇವದ ವೈರು ಎರಡೂ ದಿಕ್ಕಿಗೆ ಸಮನಾಗಿ ಸೋರುತ್ತದೆ, ಅದಕ್ಕೆ ಈ ಡಿಸಿಯನ್ನು ಹುಟ್ಟಿಸಲು ಬರುವುದಿಲ್ಲ. ಎಂಥ ಸಾಕ್ಷಿ ಕೇಳಿದರೆ ಸುಳ್ಳು ಹೇಳಲಾಗದೋ ಅಂಥದನ್ನೇ ಕೇಳಿದ್ದಾರೆ.

ಆ ಕರೆಂಟು ಎಷ್ಟು? ಒಂದರಿಂದ ಆರು ಮೈಕ್ರೋಆಂಪಿಯರ್ ಆಸುಪಾಸು. ಒಂದು ಮೈಕ್ರೋಆಂಪಿಯರ್ ಎಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಮನೆಯ 5 ಆಂಪಿಯರ್ ಪ್ಲಗ್ಗು ನೋಡಿ ಬೆಳೆದವರಿಗೆ ಇದು ಕರೆಂಟೇ ಅನ್ನಿಸಲಿಕ್ಕಿಲ್ಲ. ಇಷ್ಟು ಬಡ ಕರೆಂಟಿಗೆ ಕಂಬಿಯ ಮೇಲೆ ಕೂತ ಕಣ್ಣಿಗೆ ಕಾಣದ ಪೊರೆಯೂ ದೊಡ್ಡ ಗೋಡೆ. ಆ ಪೊರೆ ಹೆಚ್ಚಾಗಿ ಸಿಲಿಕಾ, ನಮ್ಮ ಉಸುಕಿನಲ್ಲಿರುವುದೇ. ಅದು ಗ್ಯಾಸಿನಿಂದಲೇ ಬರಬೇಕೆಂದಿಲ್ಲ. ಕೂದಲಿಗೆ ಹಚ್ಚುವ ಸೀರಂ, ಕ್ರೀಮುಗಳು, ಸಿಲಿಕೋನ್ ಸೀಲಂಟುಗಳಿಂದ ಗಾಳಿಗೆ ಸೇರುವ ಸಿಲೋಕ್ಸೇನ್ ಎಂಬ ವಸ್ತು ಬೆಂಕಿಯಲ್ಲಿ ಉರಿದರೆ ಉಳಿಯುವುದು ಸಿಲಿಕಾ. ನೆಲಮಾಳಿಗೆಯಲ್ಲಿ ಗೋಡೆ ಕೆಲಸ ನಡೆದು ಹಲಗೆಗಳ ಪುಟ್ಟಿ ಉಜ್ಜಿದ್ದರೆ ಅದರ ಧೂಳೂ ಬಂದು ಕೂಡುತ್ತದೆ. ಕೇಳಿದರೆ ಹೌದು, ದಸರೆ ಹೊತ್ತಿಗೆ ಕೆಳಗೆ ಮಗುವಿಗೆಂದು ಆಟದ ಕೋಣೆ ಮಾಡಿಸಿದ್ದಾರೆ.

ತೆಗೆಯುವುದು ಕಷ್ಟವಲ್ಲ. ಕರೆಂಟು ಬಂದ್, ಗ್ಯಾಸಿನ ಕಾಕು ಬಂದ್. ಒಂದೇ ಸ್ಕ್ರೂ, ಒಂದೇ ವೈರು. ಕಂಬಿ ಹೊರಗೆ ಬಂದಾಗ ಅವನು ಕ್ಯಾಮೆರಾದ ಮುಂದೆ ಹಿಡಿದ. ತುದಿಯ ಕಡೆ ಬೂದು ಬಿಳುಪು, ಹಪ್ಪಳದ ಹಿಟ್ಟು ಒಣಗಿ ಹಿಡಿದ ಹಾಗೆ. ಪಿಂಗಾಣಿಯ ಹತ್ತಿರ ಮಾತ್ರ ಲೋಹದ ಬಣ್ಣ. ಉಗುರಿನಿಂದ ಕೆರೆದರೆ ಹೋಗುವುದಿಲ್ಲ. ಪಾತ್ರೆ ತಿಕ್ಕುವ ನಾರು, ಅದೂ ಹೊಸದು, ಸೋಪು ಮುಟ್ಟಿರಬಾರದು. ಇಲ್ಲವೆಂದರೆ ನಯವಾದ ಸ್ಟೀಲ್ ವುಲ್. ಎರಡು ಬೆರಳಲ್ಲಿ ಹಿಡಿದು ಹಗುರಾಗಿ ತಿರುವುತ್ತ ತಿಕ್ಕಿ, ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಒರಟು ಸ್ಯಾಂಡ್ ಪೇಪರ್ ಹಿಡಿದರೆ ಮೈತುಂಬ ಗೀರು ಬಿದ್ದು ಮುಂದಿನ ಪೊರೆಗೆ ಕೂಡಲು ಜಾಗ ಮಾಡಿಕೊಟ್ಟಂತೆ. ಪಕ್ಕದ ಇಗ್ನೈಟರನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬಾರದು; ಬೆರಳಿನ ಎಣ್ಣೆ ಅಂಟಿದ ಜಾಗ ಹೆಚ್ಚು ಕಾದು ಅಲ್ಲೇ ಸೀಳುವ ಸಂಭವ ಇದೆ. ಬರ್ನರಿನ ಅರ್ಥಿಂಗ್ ವೈರಿನ ಸ್ಕ್ರೂ ಸಡಿಲಾಗಿದ್ದರೂ, ತುಕ್ಕು ಹಿಡಿದಿದ್ದರೂ ಇದೇ ಲಕ್ಷಣ ಬರುತ್ತದೆ. ಅದನ್ನೂ ಬಿಗಿ ಮಾಡಿಸಿದೆ.

ಹತ್ತಿತು, ನಿಂತಿತು, ಬ್ಲೋವರ್ ಶುರುವಾಯಿತು. ಅಕ್ಕ ವಿದ್ಯಾನಗರದಿಂದ ಫೋನು ಮಾಡಿ, "ಸಣ್ಣ ಕೂಸು ಅದ ಮನ್ಯಾಗ, ಆ ಮಷೀನಿಗೆ ಒಂದು ತಾಸು ಬಂದ್ ಆಗೋ ಹಟ ಯಾಕ ಬೇಕು? ಆ ವ್ಯವಸ್ಥಾನ ತಗಸಿಬಿಡಲಿ" ಅಂದಳು. ಸಿಟ್ಟಿನಲ್ಲಿ ಹೇಳಿದ್ದಾದರೂ ಪ್ರಶ್ನೆ ಸರಿಯಾದದ್ದೇ.

ಬೋರ್ಡಿನ ಕಡೆಯಿಂದ ನೋಡಿದರೆ ಪರಿಸ್ಥಿತಿ ಹೀಗಿದೆ. ಬೆಂಕಿ ಕಾಣಲಿಲ್ಲ ಎಂಬುದಕ್ಕೆ ಎರಡು ಅರ್ಥ. ಒಂದು, ಬೆಂಕಿ ಇದೆ, ಕಂಬಿ ಕುರುಡಾಗಿದೆ. ಇನ್ನೊಂದು, ಬೆಂಕಿ ನಿಜಕ್ಕೂ ಇಲ್ಲ, ತೆರೆದ ವಾಲ್ವಿನಿಂದ ಗ್ಯಾಸ್ ಮಾತ್ರ ಬರುತ್ತಿದೆ. ಯಾವುದೆಂದು ತಿಳಿಯುವ ದಾರಿ ಬೋರ್ಡಿಗಿಲ್ಲ. ಎರಡನೆಯದೇ ನಿಜವಾಗಿದ್ದರೆ ಪ್ರತಿ ಪ್ರಯತ್ನಕ್ಕೂ ಕೆಲವು ಸೆಕೆಂಡಿನ ಗ್ಯಾಸು ಒಳಗೆ ಬರುತ್ತದೆ. ಫ್ಯಾನು ಹೊರಗೆ ಹಾಕುತ್ತದೆ ನಿಜ, ಆದರೆ ರಾತ್ರಿಯಿಡೀ ಹೀಗೇ ನಡೆಯಲಿ ಎಂದು ಬಿಡಲು ಬರುವುದಿಲ್ಲ. ಉಳಿದ ಗ್ಯಾಸಿಗೆ ತಡವಾಗಿ ಕಿಡಿ ತಾಗಿದರೆ ಢಂ. ಆದ್ದರಿಂದ ಅದು ಸೋಲುಗಳ ಲೆಕ್ಕ ಇಡುತ್ತದೆ, ಮಿತಿ ಮುಟ್ಟಿದಾಗ ನಿಲ್ಲಿಸುತ್ತದೆ.

ಸರಿ, ಹಾಗಾದರೆ ಪೂರ್ತಿ ನಿಲ್ಲಿಸಿಬಿಡಬೇಕಿತ್ತು. ತಾಸು ಬಿಟ್ಟು ಮತ್ತೆ ಏಳುವುದೇಕೆ? ಇಲ್ಲಿ ಊರಿನ ಹವೆ ಲೆಕ್ಕಕ್ಕೆ ಬರುತ್ತದೆ. ಮನೆಮಂದಿ ಊರಲ್ಲಿಲ್ಲ ಎನ್ನಿ. ಗ್ಯಾಸ್ ಲೈನಿನಲ್ಲಿ ಒತ್ತಡ ಸ್ವಲ್ಪ ಹೊತ್ತು ಇಳಿದು ಫರ್ನೇಸ್ ಲಾಕ್ ಆಯಿತು. ಗುಂಡಿ ಒತ್ತುವವರು ಯಾರೂ ಇಲ್ಲ. ಹೊರಗೆ ಸೊನ್ನೆಗಿಂತ 20 ಕೆಳಗೆ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಮನೆ ತಣ್ಣಗಾಗಿ ಗೋಡೆಯೊಳಗಿನ ನೀರಿನ ಪೈಪುಗಳು ಹೆಪ್ಪುಗಟ್ಟತೊಡಗುತ್ತವೆ. ನೀರು ಹಿಮವಾದರೆ ಸುಮಾರು 9 ಪ್ರತಿಶತ ಹಿಗ್ಗುತ್ತದೆ, ಪೈಪು ಸೀಳುತ್ತದೆ, ಹಿಮ ಕರಗಿದಾಗ ಮನೆಯೆಲ್ಲ ನೀರು. ಮಲಗಿರುವ ಮುದುಕರಿದ್ದರೆ ಮಾತು ಪೈಪಿಗೇ ನಿಲ್ಲುವುದಿಲ್ಲ. ಗ್ಯಾಸು ಕೂಡುವ ಅಪಾಯ ಒಂದು ಕಡೆ, ಮನೆ ಹೆಪ್ಪುಗಟ್ಟುವ ಅಪಾಯ ಇನ್ನೊಂದು ಕಡೆ. ಆ ಒಂದು ತಾಸು ಇವೆರಡರ ನಡುವಿನ ಒಪ್ಪಂದ. ಕೂಡಿದ್ದ ಗ್ಯಾಸು ಚದುರಿಹೋಗಲು ಸಾಕು, ಮನೆ ಅಪಾಯದ ಮಟ್ಟಕ್ಕೆ ತಣ್ಣಗಾಗಲು ಸಾಲದು.

ಈ ಕ್ಷಮೆ ಎಲ್ಲ ತಪ್ಪಿಗೂ ಇಲ್ಲ ಎನ್ನುವುದು ಗಮನಿಸಬೇಕಾದ್ದು. ಅದೇ ಫರ್ನೇಸಿನಲ್ಲಿ ರೋಲ್‌ಔಟ್ ಸ್ವಿಚ್ ಎಂದು ಇನ್ನೊಂದಿದೆ. ಜ್ವಾಲೆ ಒಳಗೆ ಹೋಗುವ ಬದಲು ಬರ್ನರಿನ ಹೊರಕ್ಕೆ ಉಕ್ಕಿದರೆ ಅದು ಕಡಿಯುತ್ತದೆ. ಸಾಮಾನ್ಯವಾಗಿ ಅದಕ್ಕೆ ತಾಸಿನ ಲೆಕ್ಕ ಇಲ್ಲ. ಮನುಷ್ಯನೇ ಬಂದು ಕಾರಣ ನೋಡಿ ಕೈಯಿಂದ ಒತ್ತಬೇಕು, ಮನೆ ಹೆಪ್ಪುಗಟ್ಟಿದರೂ ಸರಿಯೇ. ಯಾವುದಕ್ಕೆ ಮತ್ತೊಂದು ಅವಕಾಶ, ಯಾವುದಕ್ಕೆ ಇಲ್ಲ ಎಂದು ಯಾರೋ ಕೂತು ಬಗೆಹರಿಸಿದ್ದಾರೆ. ಕರೆಂಟು ತೆಗೆದು ಹಾಕಿದರೆ ಬಹಳಷ್ಟು ಬೋರ್ಡುಗಳು ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುತ್ತವೆ. ಮತ್ತೆ ಮತ್ತೆ ಸ್ವಿಚ್ ಆಡಿಸುವವರು ಆ ಬಗೆಹರಿಸಿದ್ದನ್ನೆಲ್ಲ ಅಳಿಸಿಹಾಕುತ್ತಾರೆ. ಒಮ್ಮೆ ಮಾಡಿ ನೋಡಿದರೆ ಅದು ಪರೀಕ್ಷೆ. ಹತ್ತು ನಿಮಿಷಕ್ಕೊಮ್ಮೆ ಮಾಡುತ್ತ ರಾತ್ರಿ ಕಳೆಯುವುದಕ್ಕೆ ಬೇರೆ ಹೆಸರಿದೆ.

ಈಗ ನಮ್ಮ ಬಚ್ಚಲಮನೆಗೆ ಬರೋಣ. ಬಂಬ, ಹಂಡೆ ಹೋಗಿ ಕರೆಂಟಿನ ಗೀಜರ್ ಬಂತು, ಬಿಲ್ಲಿಗೆ ಹೆದರಿ ಬಹಳ ಮನೆಗಳಿಗೆ ಗ್ಯಾಸ್ ಗೀಜರ್ ಬಂತು. ಸಪ್ತಾಪುರದ ನಮ್ಮ ಮನೆಯಲ್ಲೂ ಇದೆ. ನಳ ತಿರುವಿದರೆ ನೀರಿನ ಒತ್ತಡದಿಂದ ಒಳಗಿನ ರಬ್ಬರ್ ಪೊರೆ ಸರಿದು ಸಣ್ಣ ಸ್ವಿಚ್ ಒತ್ತುತ್ತದೆ, ಎರಡು ದಪ್ಪ ಸೆಲ್ಲುಗಳ 3 ವೋಲ್ಟಿನಿಂದ ಟಕಟಕ ಕಿಡಿ ಹಾರುತ್ತದೆ, ವಾಲ್ವು ತೆರೆದು ಬೆಂಕಿ ಹತ್ತುತ್ತದೆ. ಬೆಂಕಿಯೊಳಗೆ ಇಲ್ಲೂ ಒಂದು ಕಂಬಿ. ಅದಕ್ಕೆ ಬೆಂಕಿ ಕಾಣದಿದ್ದರೆ ವಾಲ್ವು ಮುಚ್ಚುತ್ತದೆ. ಅಲ್ಲಿಯವರೆಗೆ ಎಲ್ಲಾ ಫರ್ನೇಸಿನ ತಮ್ಮನೇ. ವ್ಯತ್ಯಾಸ ಆಮೇಲಿನದು. ನಳ ಮುಚ್ಚಿ ತೆರೆದರೆ ಅದಕ್ಕೆ ಹಿಂದಿನದೇನೂ ನೆನಪಿಲ್ಲ. ಮತ್ತೆ ಟಕಟಕ, ಮತ್ತೆ ಗ್ಯಾಸು. ಇಪ್ಪತ್ತು ಸಲ ಸೋತರೂ ಇಪ್ಪತ್ತೊಂದನೆಯ ಸಲಕ್ಕೆ ತಯಾರು. ಮೈಗೆ ಸೋಪು ಹಚ್ಚಿಕೊಂಡು ನಿಂತವರು ಎಷ್ಟು ಸಲ ನಳ ತಿರುವುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಅದು ನಿಲ್ಲುವ ಕಾರಣಗಳೂ ನಮ್ಮೂರಿನವೇ. ರಿಪೇರಿಗೆ ಬಂದ ಹುಡುಗ ಒಳಗೆ ಬರುವ ಮೊದಲೇ, "ಟಾಕಿ ಎಲ್ಲೈತ್ರೀ ಮೇಡಂ?" ಎಂದು ಕೇಳಿದ. ಗೀಜರ್ ನೋಡುವ ಮೊದಲು ಮಾಳಿಗೆ ಹತ್ತಿದ. ಲೆಕ್ಕ ಅವನದೇ ಸರಿ. ಟಾಕಿ ಗೀಜರಿಗಿಂತ 3 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಹೆಚ್ಚೆಂದರೆ 0.3 ಬಾರ್. ಮೇಲಿನ ಮಹಡಿಯ ಬಚ್ಚಲಾದರೆ ಅಷ್ಟೂ ಇಲ್ಲ. ಬೋರಿನ ನೀರಿನ ಸುಣ್ಣ ಜಾಲರಿಗೆ, ಪೈಪಿಗೆ ಮೆತ್ತಿದರೆ ಆ ಇಷ್ಟೂ ಸಿಗದೆ ಸ್ವಿಚ್ ಅರ್ಧಕ್ಕೇ ತಡೆಯುತ್ತದೆ. ಜಾಲರಿ ಬಿಚ್ಚಿ ವಿನೆಗರಿನಲ್ಲಿ ಅದ್ದಿಟ್ಟು, "ಸೆಲ್ಲೂ ವೀಕ್ ಆಗ್ಯಾವ್ರೀ, ಒಂದ ಹೊಸಾದು ಒಂದ ಹಳೇದು ಹಾಕಬ್ಯಾಡ್ರೀ" ಎಂದು ಹೇಳಿ ಹೋದ. ಕಂಬಿಯನ್ನೂ ಒರೆಸಿದ, ತನ್ನ ಶರ್ಟಿನ ಅಂಚಿನಿಂದ.

ವಿಚಿತ್ರ ನೋಡಿ. ಒಂದು ಬೆಳಗ್ಗೆ ಬಿಸಿನೀರು ಸಿಗದಿದ್ದರೆ ಧಾರವಾಡದಲ್ಲಿ ಯಾರೂ ಸಾಯುವುದಿಲ್ಲ, ಯಾವ ಪೈಪೂ ಸೀಳುವುದಿಲ್ಲ. ಇಲ್ಲಿನ ಯಂತ್ರ ಮೂರು ಸಲ ಸೋತರೆ ದಿನವಿಡೀ ಬಾಗಿಲು ಹಾಕಿಕೊಂಡರೂ ನಷ್ಟ ಇಲ್ಲ. ಕಟ್ಟುನಿಟ್ಟಾಗಿರುವ ಅನುಕೂಲ ಇರುವುದು ನಮಗೆ. ನಮಗೇ ಸಿಕ್ಕಿರುವುದು ಏನನ್ನೂ ಎಣಿಸದ ಯಂತ್ರ. ಚಳಿಗೆ ಜೀವ ಹೋಗುವ ಊರಿನವರು ಎಣಿಸುವ ಯಂತ್ರ ಇಟ್ಟುಕೊಂಡಿದ್ದಾರೆ. ಬೆಲೆಯ ಮಾತು ಎನ್ನಬಹುದು. ಆದರೆ ನಾಲ್ಕು ಸೋಲು ಎಣಿಸುವ ಚಿಪ್ಪಿಗೆ ಇವತ್ತು ಎಷ್ಟು ಖರ್ಚು? ಮಕ್ಕಳ ಆಟಿಕೆಯಲ್ಲೇ ಅದಕ್ಕಿಂತ ಹೆಚ್ಚಿನದು ಇರುತ್ತದೆ.

ಎಣಿಕೆ ಇದ್ದರೂ ತಪ್ಪದ ಒಂದು ಅಪಾಯ ಇದೆ, ಇದನ್ನು ಗೀಜರ್ ಇರುವ ಪ್ರತಿಯೊಬ್ಬರೂ ತಿಳಿದಿರಬೇಕು. ಆ ಕಂಬಿಗೆ ಗೊತ್ತಿರುವುದು ಬೆಂಕಿ ಇದೆಯೋ ಇಲ್ಲವೋ ಎಂಬುದು ಮಾತ್ರ. ಬೆಂಕಿ ಹೇಗೆ ಉರಿಯುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಆಕ್ಸಿಜನ್ ಕಡಿಮೆಯಾಗಿ ಹಳದಿಯಾಗಿ ಉರಿಯುವ ಜ್ವಾಲೆಯೂ ವಿದ್ಯುತ್ತು ಹರಿಸುತ್ತದೆ, ಕಂಬಿ ಎಲ್ಲ ಸರಿಯಿದೆ ಎನ್ನುತ್ತದೆ. ಆ ಜ್ವಾಲೆ ಕೊಡುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. "ಗ್ಯಾಸ್ ಲೀಕ್ ಆದ್ರ ವಾಸನೆ ಬರ್ತದಲ್ಲ" ಎನ್ನುವ ಧೈರ್ಯ ಇಲ್ಲಿ ಉಪಯೋಗಕ್ಕೆ ಬಾರದು. ಆ ವಾಸನೆ ಉರಿಯದ ಎಲ್‌ಪಿಜಿಗೆ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್‌ನದು. ಅರೆಬರೆ ಉರಿದ ಹೊಗೆಗೆ ಅದು ಇರುವುದಿಲ್ಲ. ಹುಡುಗನ ಫರ್ನೇಸ್ ಉರಿಯಲು ಬೇಕಾದ ಗಾಳಿಯನ್ನು ಪಿವಿಸಿ ಪೈಪಿನಲ್ಲಿ ಹೊರಗಿನಿಂದ ತರುತ್ತದೆ, ಹೊಗೆಯನ್ನು ಇನ್ನೊಂದು ಪೈಪಿನಲ್ಲಿ ಹೊರಗೆ ಕಳಿಸುತ್ತದೆ. ಅಷ್ಟಿದ್ದೂ ಮಿನೆಸೋಟಾದಲ್ಲಿ ಮಲಗುವ ಕೋಣೆಗಳ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕೆಂದು ಕಾಯದೆ ಇದೆ. ನಮ್ಮ ಸಾದಾ ಗೀಜರು ಬಚ್ಚಲಿನ ಗಾಳಿಯನ್ನೇ ಉಂಡು ಬಚ್ಚಲಿಗೇ ಹೊಗೆ ಬಿಡುತ್ತದೆ. ಥಂಡಿ ಎಂದು ಕಿಟಕಿ ಹಾಕಿ, ಸೊಳ್ಳೆ ಎಂದು ವೆಂಟಿಲೇಟರಿಗೆ ರಟ್ಟು ಹಚ್ಚಿ ಒಳಗೆ ಅರ್ಧ ತಾಸು ನಿಂತವರು ತಲೆ ತಿರುಗಿ ಬಿದ್ದು ಎದ್ದೇಳದ ಸುದ್ದಿ ಚಳಿಗಾಲದಲ್ಲಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಗೀಜರ್ ಬಚ್ಚಲಿನ ಹೊರಗೆ ಇರಬೇಕು. ಇದರಲ್ಲಿ ಚರ್ಚೆಗೆ ಜಾಗ ಇಲ್ಲ.

ಮಿನಿಯಾಪೊಲಿಸ್‌ನಿಂದ ಫೆಬ್ರುವರಿಯಲ್ಲಿ ಮತ್ತೆ ಫೋನು ಬಂತು, ಮತ್ತೆ ಲಾಕ್‌ಔಟ್. ಹುಡುಗ ಈ ಸಲ ಸ್ಟೀಲ್ ವುಲ್ ಕೈಯಲ್ಲಿ ಹಿಡಿದೇ ಕೂತಿದ್ದ. ದೀಪದ ಕೋಡು ಬೇರೆ ಇತ್ತು. ಸಣ್ಣ ಫ್ಯಾನು ತಿರುಗುತ್ತಿತ್ತು, ಇಗ್ನೈಟರ್ ಕಪ್ಪಗೇ ಇತ್ತು.

"ಹೊರಗ ಪೈಪ್ ನೋಡಿ ಬಾ."

"ಮೌಶಿ, ಹೊರಗ ಹೆಂಗ ಬೀಸಲಿಕ್ಕತ್ತದ ಗೊತ್ತದ ಏನು?"

ಬೀಸುತ್ತಿದ್ದುದೇ ಕಾರಣ. ಬಿದ್ದ ಹಿಮವನ್ನು ಗಾಳಿ ತೂರಿ ತಂದು ಮನೆಯ ಆ ಬದಿಯ ಗೋಡೆಗೆ ಒಟ್ಟಿತ್ತು. ಎರಡು ಬಿಳಿ ಪೈಪುಗಳಲ್ಲಿ ಗಾಳಿ ಎಳೆಯುವುದು ಪೂರ್ತಿ ಹೂತುಹೋಗಿತ್ತು. ಕಸಬರಿಗೆಯಿಂದ ಸರಿಸಿ, ಬಾಯಿಯೊಳಗೆ ಕೈ ಹಾಕಿ ಹಿಮ ತೆಗೆದು ಒಳಗೆ ಬಂದ. ಎಳೆತ ಬಂತು, ಸ್ವಿಚ್ಚು ಕೂಡಿತು, ಬೆಂಕಿ ಬಂತು. ಮೊದಲ ಸಲ ಲಾಕ್‌ಔಟ್, ಇದ್ದ ಬೆಂಕಿಯನ್ನು ಇಲ್ಲವೆಂದು ತಿಳಿದು, ಅವರನ್ನು ಕಾಡಿತ್ತು. ಈ ಸಲ ಗಾಳಿಯಿಲ್ಲದ ಕಡೆ ಬೆಂಕಿ ಹಚ್ಚಲು ಒಪ್ಪದೆ ಕೂತಿತ್ತು. ಅಕ್ಕನಿಗೆ ಇದನ್ನು ಹೇಳಿದೆ. "ಹಂಗಾದ್ರ ಇರಲಿ ಬಿಡು" ಅಂದಳು. ಆ ವಾರವೇ ಅಲ್ಲಿನ ಟೆಕ್ನಿಷಿಯನ್ ಬಂದು ಮೀಟರ್ ಹಚ್ಚಿ ಕಂಬಿಯ ಕರೆಂಟು ನೋಡಿ ಸಾಕಷ್ಟಿದೆ ಎಂದನಂತೆ, ಗಾಳಿಯ ಪೈಪನ್ನು ಒಂದು ಮೊಳ ಮೇಲಕ್ಕೆ ಏರಿಸಿದನಂತೆ.

ನಮ್ಮ ಗೀಜರಿಗೆ ವಯಸ್ಸಾಗಿತ್ತು. ಹೊಸದು ನೋಡಲು ಹುಬ್ಬಳ್ಳಿಯ ಅಂಗಡಿಗೆ ಹೋದಾಗ ಕೇಳಿಯೇಬಿಟ್ಟೆ, ಇದು ಎಷ್ಟು ಸಲ ಹತ್ತದಿದ್ದರೆ ತಾನಾಗಿ ಬಂದ್ ಆಗುತ್ತದೆ, ಎಷ್ಟು ಹೊತ್ತು ಬಂದ್ ಇರುತ್ತದೆ? ಅಂಗಡಿಯವರು ಕನ್ನಡಕದ ಮೇಲಿಂದ ನೋಡಿದರು.

"ಬಂದ್ ಆಗೂದು ಯಾರೂ ಕೇಳಂಗಿಲ್ರೀ ಮೇಡಂ. ಎಷ್ಟು ಲೀಟರ್ ಅಂತಾರ್ರೀ, ರೇಟ್ ಎಷ್ಟು ಅಂತಾರ್ರೀ. ಬಂದ್ ಆತು ಅಂದ್ರ ವಾಪಸ್ ತಂದು ಒಗೀತಾರ್ರೀ."

ಡಬ್ಬಿ ಒಡೆದು ಕೈಪಿಡಿ ಓದಲು ಕೊಟ್ಟರು, ಕುರ್ಚಿಯನ್ನೂ ಹಾಕಿಸಿದರು. ಆಕ್ಸಿಜನ್ ಕಡಿಮೆಯಾದರೆ ಆರಿಸುವ ವ್ಯವಸ್ಥೆ ಇತ್ತು, 20 ನಿಮಿಷದ ಟೈಮರ್ ಇತ್ತು. ಸೋಲುಗಳ ಲೆಕ್ಕದ ಮಾತು ಎಲ್ಲಿಯೂ ಇರಲಿಲ್ಲ. ಅದನ್ನೇ ತಂದು ಹಿತ್ತಲ ಗೋಡೆಗೆ, ಸೂರಿನ ಕೆಳಗೆ ಹಾಕಿಸಿದೆ. ಪೈಪು ಉದ್ದವಾಯಿತೆಂದು ಪ್ಲಂಬರ್ ಗೊಣಗಿದ. ಬಿಸಿನೀರು ಬಚ್ಚಲಿಗೆ ಬಂದು ತಲುಪುವುದರೊಳಗೆ ಅರ್ಧ ಬಕೀಟು ತಣ್ಣೀರು ಬರುತ್ತದೆ. ಅದರಲ್ಲಿ ಬಟ್ಟೆ ನೆನೆಹಾಕುತ್ತೇನೆ.